ಹಳೆಯ ರೇಡಿಯೊ ಉಪಕರಣಗಳಲ್ಲಿ ಕಂಡ ಸೂರ್ಯ: ಪದೇ ಪದೇ ಕೇಳುವ ಪ್ರಶ್ನೆಗಳು

1940ರಿಂದ 1960ರ ದಶಕದವರೆಗೆ ಸೂರ್ಯನನ್ನು ರೇಡಿಯೊ ಅಲೆಗಳಲ್ಲಿ ಗಮನಿಸಿದವರ ಕೆಲಸದ ಬಗ್ಗೆ ಎಲ್ಲಿ ಮಾತನಾಡಿದರೂ, ಆಮೇಲೆ ಬರುವ ಪತ್ರಗಳಲ್ಲಿಯೂ, ಹೆಚ್ಚುಕಡಿಮೆ ಇವೇ ಪ್ರಶ್ನೆಗಳು ಎದುರಾಗುತ್ತವೆ. ಕೇಳಿದವರ ಮಾತಿನಲ್ಲಿಯೇ ಅವನ್ನು ಉಳಿಸಿಕೊಂಡು, ಸುಲಭವಾದವುಗಳಿಂದ ಕಠಿಣವಾದವುಗಳ ಕಡೆಗೆ ಜೋಡಿಸಿದ್ದೇನೆ. ಒಂದು ಮಾತನ್ನು ಮೊದಲೇ ಹೇಳಬೇಕು. ಆ ಕಾಲದ ಉಪಕರಣಗಳು ಸೂರ್ಯನ ಚಿತ್ರವನ್ನು ಕೊಡುತ್ತಿರಲಿಲ್ಲ. ಉರುಳುವ ಕಾಗದದ ಮೇಲೆ ನಡುಗುವ ಒಂದು ಶಾಯಿಯ ಗೆರೆಯನ್ನಷ್ಟೇ ಕೊಡುತ್ತಿದ್ದವು. ಆ ಗೆರೆಯಿಂದಲೇ ಸೂರ್ಯನ ಬಿಸಿ, ಅಗಲ ಮತ್ತು ಅದರ ಸುತ್ತಲಿನ ಚಟುವಟಿಕೆಗಳನ್ನು ಓದಿ ತೆಗೆದ ಜಾಣ್ಮೆಯೇ ನನ್ನ ಮಟ್ಟಿಗೆ ಈ ವಿಷಯದ ಜೀವಾಳ.

ಮೊದಲ ಹಂತದ ಪ್ರಶ್ನೆಗಳು

ಸೂರ್ಯನಿಂದ ಬೆಳಕು ಬರುತ್ತದೆ, ಶಾಖ ಬರುತ್ತದೆ, ಅದು ಗೊತ್ತು. ರೇಡಿಯೊ ಅಲೆಯೂ ಬರುತ್ತದೆಯೇ?

ಬರುತ್ತದೆ. ಬಿಸಿಯಾದ ಯಾವ ವಸ್ತುವಾದರೂ ಬೆಳಕಿನ ಜೊತೆಗೆ ಅದಕ್ಕಿಂತ ಬಹಳ ಉದ್ದದ ಅಲೆಗಳನ್ನೂ ಸ್ವಲ್ಪ ಮಟ್ಟಿಗೆ ಸೂಸುತ್ತದೆ, ಮತ್ತು ಸೂರ್ಯನೂ ಇದಕ್ಕೆ ಹೊರತಲ್ಲ. ಇದರ ಮೇಲೆ ಸೌರಕಲೆಗಳ ಸುತ್ತಲಿನ ಕಾಂತಕ್ಷೇತ್ರದಲ್ಲಿ ಸಿಕ್ಕಿಬಿದ್ದ ಎಲೆಕ್ಟ್ರಾನುಗಳು, ಜ್ವಾಲೆಗಳು ಸಿಡಿದಾಗ ಹೊರಕ್ಕೆ ನುಗ್ಗುವ ಕಣಗಳು ಬೇರೆ ರೀತಿಯಲ್ಲಿ ರೇಡಿಯೊ ಅಲೆಗಳನ್ನು ಹುಟ್ಟಿಸುತ್ತವೆ. ಇವುಗಳಲ್ಲಿ ಕೆಲವು ಮಿಲಿಮೀಟರಿನಿಂದ ಹಿಡಿದು ಸುಮಾರು 20–30 ಮೀಟರ್ ಉದ್ದದವರೆಗಿನ ಅಲೆಗಳು ನಮ್ಮ ವಾತಾವರಣವನ್ನು ದಾಟಿ ನೆಲ ಮುಟ್ಟುತ್ತವೆ. ಅದಕ್ಕಿಂತ ಉದ್ದದ ಅಲೆಗಳನ್ನು ಭೂಮಿಯ ಅಯಾನುಗೋಳವು, ಅಂದರೆ ವಾತಾವರಣದ ಮೇಲ್ಭಾಗದ ವಿದ್ಯುದಾವೇಶದ ಪದರವು, ಮೇಲಿನಿಂದಲೇ ಹಿಂದಕ್ಕೆ ತಿರುಗಿಸಿಬಿಡುತ್ತದೆ.

ಇದನ್ನು ಮೊಟ್ಟಮೊದಲು ಕಂಡುಹಿಡಿದವರು ಯಾರು? ಯುದ್ಧದ ಕಾಲದಲ್ಲಿ ಎಂದು ಕೇಳಿದ್ದೇನೆ.

ಕೇಳಿದ್ದು ಸರಿ. 1942ರ ಫೆಬ್ರವರಿ 12ರಂದು ಜರ್ಮನಿಯ ಎರಡು ದೊಡ್ಡ ಯುದ್ಧನೌಕೆಗಳು, ಬ್ರಿಟನ್ನಿನ ರೇಡಾರುಗಳನ್ನು ಗದ್ದಲದಿಂದ ಕುರುಡಾಗಿಸಿ, ಇಂಗ್ಲಿಷ್ ಕಾಲುವೆಯನ್ನು ಹಾಡುಹಗಲೇ ದಾಟಿಹೋದವು. ಆ ಅವಮಾನದ ಬಳಿಕ ರೇಡಾರಿಗೆ ಬರುವ ಪ್ರತಿಯೊಂದು ಅಡಚಣೆಯ ವರದಿಯನ್ನೂ ಪರಿಶೀಲಿಸುವ ಕೆಲಸ ಸೇನೆಯ ಸಂಶೋಧನಾ ತಂಡದಲ್ಲಿದ್ದ ಜೇಮ್ಸ್ ಸ್ಟ್ಯಾನ್ಲಿ ಹೇ ಅವರ ಪಾಲಿಗೆ ಬಂದಿತು. ಅದೇ ತಿಂಗಳ ಕೊನೆಯಲ್ಲಿ, 4ರಿಂದ 6 ಮೀಟರ್ ಅಲೆಯುದ್ದದಲ್ಲಿ ಕೆಲಸ ಮಾಡುವ ವಿಮಾನ ವಿರೋಧಿ ರೇಡಾರುಗಳು ಬೇರೆ ಬೇರೆ ಊರುಗಳಲ್ಲಿ ಒಟ್ಟಿಗೇ ಗದ್ದಲದಲ್ಲಿ ಮುಳುಗಿದವು. ಶತ್ರುವಿನ ಕೆಲಸವಾಗಿದ್ದರೆ ದಿಕ್ಕು ಸಮುದ್ರದಾಚೆಗೆ ನೆಟ್ಟಿರಬೇಕಿತ್ತು. ಆದರೆ ವರದಿಗಳಲ್ಲಿದ್ದ ದಿಕ್ಕುಗಳು ಹಗಲು ಕಳೆದಂತೆ ಸೂರ್ಯನ ಜೊತೆಗೇ ಸರಿಯುತ್ತಿದ್ದವು. ಹೇ ಅವರು ಗ್ರೀನಿಚ್ ವೀಕ್ಷಣಾಲಯವನ್ನು ವಿಚಾರಿಸಿದಾಗ, ಒಂದು ಭಾರೀ ಸೌರಕಲೆಗಳ ಗುಂಪು ಆಗಷ್ಟೇ ಸೂರ್ಯನ ನಡುಭಾಗಕ್ಕೆ ಬಂದಿದೆ ಎಂಬ ಉತ್ತರ ಸಿಕ್ಕಿತು.

ಅದೇ ವರ್ಷದ ಜೂನ್ ತಿಂಗಳಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಜಾರ್ಜ್ ಸೌತ್‌ವರ್ತ್ ಅವರು ಸೆಂಟಿಮೀಟರ್ ಅಲೆಗಳಲ್ಲಿ ಸೂರ್ಯನ ಶಾಂತ, ಸ್ಥಿರ ಹೊಮ್ಮುವಿಕೆಯನ್ನು ಗುರುತಿಸಿದರು. ಇವೆರಡೂ ಸೇನಾ ರಹಸ್ಯಗಳಾಗಿ ಉಳಿದುದರಿಂದ, ಯಾವ ಸೇನೆಗೂ ಸೇರದ ಗ್ರೋಟ್ ರೀಬರ್ ಅವರು ಇಲಿನಾಯ್ ರಾಜ್ಯದ ತಮ್ಮ ಮನೆಯ ಹಿತ್ತಲಿನ ಡಿಶ್‌ನಿಂದ 1943ರಲ್ಲಿ ಸೂರ್ಯನನ್ನು ದಾಖಲಿಸಿ 1944ರಲ್ಲಿ ಪ್ರಕಟಿಸಿದ್ದೇ ಲೋಕ ಕಂಡ ಮೊದಲ ವರದಿಯಾಯಿತು. ಹಾಗಾಗಿ ಮೊದಲಿಗರ ಸ್ಥಾನವನ್ನು ಒಬ್ಬರಿಗೇ ಕಟ್ಟುವುದು ನ್ಯಾಯವಲ್ಲ ಎಂಬುದು ನನ್ನ ಅಭಿಪ್ರಾಯ.

ಅದಕ್ಕೂ ಮೊದಲು ಯಾರಿಗೂ ಇದು ಹೊಳೆಯಲೇ ಇಲ್ಲವೇ?

ಹೊಳೆದಿತ್ತು. ಬ್ರಿಟನ್ನಿನ ಆಲಿವರ್ ಲಾಡ್ಜ್ 1890ರ ದಶಕದಲ್ಲಿಯೇ ಲಿವರ್‌ಪೂಲಿನಲ್ಲಿ ಪ್ರಯತ್ನಿಸಿ, ನಗರದ ವಿದ್ಯುತ್ ಗದ್ದಲದ ನಡುವೆ ಏನೂ ಸಿಗದೆ ಕೈಬಿಟ್ಟರು. 1901ರಲ್ಲಿ ಫ್ರಾನ್ಸಿನ ಚಾರ್ಲ್ಸ್ ನಾರ್ಡ್‌ಮನ್ ಗದ್ದಲವೇ ಇಲ್ಲದ ಜಾಗ ಬೇಕೆಂದು ಮಾಂಟ್ ಬ್ಲಾಂಕ್ ಪರ್ವತದ ಹಿಮನದಿಯ ಮೇಲೆ 175 ಮೀಟರ್ ಉದ್ದದ ತಂತಿಯನ್ನು ಹಾಸಿದರು. ಆದರೆ ಅಷ್ಟು ಉದ್ದದ ತಂತಿ ಹಿಡಿಯುವ ಅಲೆಗಳನ್ನು ಅಯಾನುಗೋಳ ಒಳಗೆ ಬಿಡುವುದೇ ಇಲ್ಲ, ಮತ್ತು ಅಂಥದೊಂದು ಪದರವಿದೆ ಎಂಬುದೇ ಆಗ ಯಾರಿಗೂ ತಿಳಿದಿರಲಿಲ್ಲ. 1930ರ ದಶಕದ ಆರಂಭದಲ್ಲಿ ಆಕಾಶಗಂಗೆಯ ರೇಡಿಯೊ ಸದ್ದನ್ನು ಕಂಡುಹಿಡಿದ ಕಾರ್ಲ್ ಜಾನ್ಸ್‌ಕಿ ಅವರಿಗೂ ಸೂರ್ಯ ಸಿಗಲಿಲ್ಲ, ಏಕೆಂದರೆ ಅದು ಸೌರಕಲೆಗಳು ತೀರ ಕಡಿಮೆಯಿದ್ದ ಅವಧಿ. ಅವರು ಬಳಸುತ್ತಿದ್ದ 20.5 ಮೆಗಾಹರ್ಟ್ಸ್‌ನಲ್ಲಿ ಶಾಂತ ಸೂರ್ಯನ ದನಿಯನ್ನು ಆಕಾಶಗಂಗೆಯ ಸದ್ದು ಮುಚ್ಚಿಬಿಡುತ್ತದೆ.

ಸೂರ್ಯನ ಸದ್ದು ಕಿವಿಗೆ ಕೇಳಿದರೆ ಹೇಗಿರುತ್ತದೆ?

ಬರುವುದು ಸದ್ದಲ್ಲ, ಅಲೆ. ಅದನ್ನು ಸದ್ದಾಗಿ ಮಾಡುವುದು ರಿಸೀವರ್. ಶಾಂತ ಸೂರ್ಯನದು ಯಾವ ಸ್ಟೇಷನ್ನೂ ಇಲ್ಲದ ಕಡೆ ರೇಡಿಯೊದ ಮುಳ್ಳನ್ನು ನಿಲ್ಲಿಸಿದಾಗ ಬರುವಂಥದೇ ಸುಯ್ಯೆನ್ನುವ ಸದ್ದು, ಅದೂ ಸ್ವಲ್ಪವೇ ಹೆಚ್ಚು. ಸ್ಫೋಟದ ಹೊತ್ತಿನಲ್ಲಿ ಮಾತ್ರ ಅದು ಕೆಲವು ಸೆಕೆಂಡುಗಳಲ್ಲಿ ಉಬ್ಬಿ, ದಡಕ್ಕೆ ಬಂದ ತೆರೆ ಹಿಂದೆ ಸರಿದ ಹಾಗೆ ನಿಧಾನವಾಗಿ ಇಳಿಯುತ್ತದೆ. 1930ರ ದಶಕದ ಹವ್ಯಾಸಿ ರೇಡಿಯೊ ಪ್ರಸಾರಕರು ಈ ಸುಯಿಲನ್ನು ಕೇಳಿ ಬರೆದಿಟ್ಟಿದ್ದರು, ಆದರೆ ಅದು ನೇರವಾಗಿ ಸೂರ್ಯನಿಂದಲೇ ಬರುತ್ತಿದೆ ಎಂದು ದೃಢಪಡಿಸಲು ಅವರ ಬಳಿ ದಾರಿಯಿರಲಿಲ್ಲ.

ಮೋಡ, ಮಳೆ ಇದ್ದರೆ ಕೆಲಸ ನಿಲ್ಲುತ್ತದೆಯೇ?

ಮೀಟರ್ ಅಲೆಗಳಲ್ಲಿ ನಿಲ್ಲುವುದಿಲ್ಲ. ಮುಂಗಾರಿನ ದಟ್ಟ ಮೋಡದ ಹಿಂದಿನ ಸೂರ್ಯನೂ ಆಂಟೆನಾಕ್ಕೆ ನಿಚ್ಚಳವಾಗಿಯೇ ಸಿಗುತ್ತಾನೆ. ಗುಡುಗು ಮಿಂಚು ಮಾತ್ರ ಕಾಗದದ ಗೆರೆಯನ್ನು ಚೂಪುಚೂಪಾಗಿ ಕೆಡಿಸುತ್ತದೆ. ಒಂದೆರಡು ಸೆಂಟಿಮೀಟರಿನ ಅಲೆಗಳನ್ನು ಮಳೆ ಹೀರಿಕೊಳ್ಳುತ್ತದೆ.

ಉಪಕರಣ ಮತ್ತು ವಿಧಾನ

ಆಗಿನವರ ಕೈಯಲ್ಲಿ ಏನೇನು ಸಾಮಾನು ಇತ್ತು?

ಬಹುಪಾಲು ಯುದ್ಧ ಮುಗಿದ ಮೇಲೆ ಉಳಿದ ರೇಡಾರ್ ಸಾಮಾನು. ಜರ್ಮನರು ಬಿಟ್ಟುಹೋದ 7.5 ಮೀಟರ್ ಅಗಲದ ವೂರ್ಟ್ಸ್‌ಬರ್ಗ್ ಡಿಶ್‌ಗಳು ಇಂಗ್ಲೆಂಡ್, ಫ್ರಾನ್ಸ್, ನೆದರ್ಲೆಂಡ್ಸ್ ದೇಶಗಳಲ್ಲಿ ಖಗೋಳ ವಿಜ್ಞಾನಿಗಳ ಕೈಸೇರಿದವು. ಕೆನಡಾದ ಆರ್ಥರ್ ಕವಿಂಗ್ಟನ್ ಅವರು ಹಳೆಯ ರೇಡಾರ್ ಬಿಡಿಭಾಗಗಳಿಂದ 1.2 ಮೀಟರ್ ಡಿಶ್‌ನ ಉಪಕರಣವೊಂದನ್ನು ಜೋಡಿಸಿಕೊಂಡರು. ಡಿಶ್ ಇಲ್ಲದವರು, ನಮ್ಮ ಮನೆಗಳ ಮೇಲೆ ದೂರದರ್ಶನಕ್ಕಾಗಿ ನಿಲ್ಲಿಸುತ್ತಿದ್ದೆವಲ್ಲ, ಅಂಥ ಯಾಗಿ ಆಂಟೆನಾಗಳನ್ನೇ ಸಾಲಾಗಿ ಕಟ್ಟಿದರು. ಆಂಟೆನಾದಿಂದ ಕೇಬಲ್, ಕೇಬಲಿನಿಂದ ವ್ಯಾಕ್ಯೂಮ್ ವಾಲ್ವುಗಳ ರಿಸೀವರ್, ಅಲ್ಲಿಂದ ಗಡಿಯಾರದ ಯಂತ್ರದಿಂದ ಉರುಳುವ ಕಾಗದದ ಮೇಲೆ ಅತ್ತಿತ್ತ ಆಡುವ ಲೇಖನಿ: ಇಷ್ಟೇ ಇಡೀ ಸರಪಳಿ. ರೀಬರ್ ಅವರ 9.5 ಮೀಟರ್ ಡಿಶ್ ಮೇಲೆ ಕೆಳಗೆ ಮಾತ್ರ ಬಾಗುತ್ತಿತ್ತು. ಪೂರ್ವದಿಂದ ಪಶ್ಚಿಮಕ್ಕೆ ಆಕಾಶವನ್ನು ಅದರ ಮುಂದೆ ಸರಿಸಿಕೊಡುವ ಕೆಲಸ ಭೂಮಿಯದಾಗಿತ್ತು.

ಅಷ್ಟು ದೊಡ್ಡ ಡಿಶ್ ಇದ್ದರೂ ಸೂರ್ಯನ ಆಕಾರ ಕಾಣುತ್ತಿರಲಿಲ್ಲವಂತೆ. ಏಕೆ?

ಎಷ್ಟು ಸೂಕ್ಷ್ಮವಾಗಿ ನೋಡಬಹುದು ಎಂಬುದು ಡಿಶ್‌ನ ಅಗಲವೊಂದರಿಂದಲೇ ನಿರ್ಧಾರವಾಗುವುದಿಲ್ಲ. ಆ ಅಗಲದಲ್ಲಿ ಎಷ್ಟು ಅಲೆಗಳು ಹಿಡಿಸುತ್ತವೆ ಎಂಬುದು ಮುಖ್ಯ. ನಮ್ಮ ಕಣ್ಣಪಾಪೆ ಕೆಲವೇ ಮಿಲಿಮೀಟರ್ ಇದ್ದರೂ ಅದರಲ್ಲಿ ಬೆಳಕಿನ ಸಾವಿರಾರು ಅಲೆಗಳು ಹಿಡಿಸುತ್ತವೆ. ರೀಬರ್ ಅವರ ಡಿಶ್‌ನಲ್ಲಿ ಅವರು ಬಳಸಿದ 1.87 ಮೀಟರ್ ಉದ್ದದ ಅಲೆಗಳು ಐದು ಮಾತ್ರ. ಆದ್ದರಿಂದ ಅವರ ನೋಟದ ಅಗಲ ಸುಮಾರು 12 ಡಿಗ್ರಿ, ಸೂರ್ಯನ ಅಗಲ ಅರ್ಧ ಡಿಗ್ರಿ. ಸೂರ್ಯ ಆ ನೋಟವನ್ನು ದಾಟುವಾಗ ಕಾಗದದ ಮೇಲೆ ಮೂಡುವ ಗುಡ್ಡದಂಥ ಉಬ್ಬು ಡಿಶ್‌ನ ಆಕಾರವನ್ನು ಹೇಳುತ್ತದೆಯೇ ಹೊರತು ಸೂರ್ಯನದನ್ನಲ್ಲ. ಒಂದೂವರೆ ಮೀಟರ್ ಅಲೆಯಲ್ಲಿ ಅರ್ಧ ಡಿಗ್ರಿಯನ್ನು ಬಿಡಿಸಿ ನೋಡಲು 170 ಮೀಟರ್ ಅಗಲದ ಡಿಶ್ ಬೇಕಾಗುತ್ತಿತ್ತು, ಅದನ್ನು ಕಟ್ಟುವ ಶಕ್ತಿ ಆಗ ಯಾರಿಗೂ ಇರಲಿಲ್ಲ.

ಸಮುದ್ರವನ್ನೇ ಕನ್ನಡಿಯಾಗಿ ಬಳಸಿದರು ಎನ್ನುತ್ತಾರಲ್ಲ, ಅದು ಹೇಗೆ ಸಾಧ್ಯ?

ಇಡೀ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಪ್ರಸಂಗ ಇದು. ಆಸ್ಟ್ರೇಲಿಯಾದ ಸಿಡ್ನಿಯ ಬಳಿ ಡೋವರ್ ಹೈಟ್ಸ್ ಎಂಬಲ್ಲಿ ಸಮುದ್ರಮಟ್ಟದಿಂದ ಸುಮಾರು 85 ಮೀಟರ್ ಎತ್ತರದ ಕಡಿದಾದ ಬಂಡೆಯ ಅಂಚಿನಲ್ಲಿ, ಪೂರ್ವದ ಸಮುದ್ರಕ್ಕೆ ಮುಖಮಾಡಿದ 200 ಮೆಗಾಹರ್ಟ್ಸ್‌ನ ರೇಡಾರ್ ಆಂಟೆನಾ ಒಂದಿತ್ತು. ಹಡಗು, ವಿಮಾನಗಳನ್ನು ಕಾಯಲು ಮಾಡಿದ ಆಂಟೆನಾ ಮೇಲಕ್ಕೆ ಬಾಗುತ್ತಿರಲಿಲ್ಲ, ಹೀಗಾಗಿ ಸೂರ್ಯನನ್ನು ಹುಟ್ಟುವ ಹೊತ್ತಿನಲ್ಲಿ ಮಾತ್ರ ಹಿಡಿಯಬಹುದಿತ್ತು. ಈ ಕೊರತೆಯೇ ವರವಾಯಿತು.

ಸೂರ್ಯ ದಿಗಂತದಿಂದ ಏಳುವಾಗ ಅವನ ಅಲೆಗಳು ಎರಡು ದಾರಿಯಲ್ಲಿ ಆಂಟೆನಾ ಸೇರುತ್ತವೆ, ಒಂದು ನೇರವಾಗಿ, ಇನ್ನೊಂದು ನೀರಿಗೆ ಬಡಿದು ಪುಟಿದು. ಎರಡರ ಉಬ್ಬುಗಳು ಕೂಡಿಕೊಂಡಾಗ ಗೆರೆ ಏರುತ್ತದೆ. ಒಂದರ ಉಬ್ಬಿಗೆ ಇನ್ನೊಂದರ ತಗ್ಗು ಎದುರಾದಾಗ ಗೆರೆ ಬೀಳುತ್ತದೆ. ನೀರಿನೊಳಗಿನ ಪ್ರತಿಬಿಂಬದಲ್ಲಿ ಇನ್ನೊಂದು ಆಂಟೆನಾ ಇದ್ದಂತೆ ಇದು ಕೆಲಸ ಮಾಡುವುದರಿಂದ, ಎರಡರ ನಡುವಿನ ಅಂತರ ಬಂಡೆಯ ಎತ್ತರದ ಎರಡರಷ್ಟು, ಅಂದರೆ ಹಿಂದಿನ ಉತ್ತರದಲ್ಲಿ ಹೇಳಿದ ಅದೇ 170 ಮೀಟರ್.

ಈಗ ಕಾಗದವನ್ನು ಹತ್ತಿರದಿಂದ ನೋಡಬೇಕು. ಸೂರ್ಯ ಹುಟ್ಟುವ ಮೊದಲು ಗೆರೆ ಸಪಾಟಾಗಿದೆ. ಅವನು ಮೇಲೆ ಬಂದಂತೆ ಗೆರೆ ಏರಿ ಬೀಳುತ್ತದೆ, ಮತ್ತೆ ಏರಿ ಬೀಳುತ್ತದೆ, ಬಾಚಣಿಗೆಯ ಹಲ್ಲುಗಳ ಹಾಗೆ. ಒಂದು ಹಲ್ಲಿನಿಂದ ಇನ್ನೊಂದಕ್ಕೆ ಅಂತರ ಸುಮಾರು ಅರ್ಧ ಡಿಗ್ರಿ, ಅಂದರೆ ಸೂರ್ಯನಷ್ಟೇ ಅಗಲ. ಇಡೀ ಸೂರ್ಯಬಿಂಬವೇ ಅಲೆಗಳನ್ನು ಸೂಸುತ್ತಿದ್ದರೆ ಒಂದು ಅಂಚಿನ ಏರು ಇನ್ನೊಂದು ಅಂಚಿನ ಇಳಿತವನ್ನು ತುಂಬಿ, ಹಲ್ಲುಗಳ ನಡುವಿನ ಸಂದುಗಳು ಮುಚ್ಚಿಹೋಗಬೇಕಿತ್ತು. ಆದರೆ 1946ರ ಫೆಬ್ರವರಿಯಲ್ಲಿ ಭಾರೀ ಸೌರಕಲೆಗಳ ಗುಂಪೊಂದು ಸೂರ್ಯನ ಮೇಲಿದ್ದಾಗ, ಸಂದುಗಳು ಆಳಕ್ಕೆ ಇಳಿದಿದ್ದವು. ಗದ್ದಲದ ಮೂಲ ಸೂರ್ಯಬಿಂಬಕ್ಕಿಂತ ಬಹಳ ಕಿರಿದಾಗಿದೆ, ಮತ್ತು ಹಲ್ಲುಗಳು ಬೀಳುವ ಸಮಯವನ್ನು ಲೆಕ್ಕ ಹಾಕಿದರೆ ಅದು ಸೌರಕಲೆಗಳ ಜಾಗದಲ್ಲಿಯೇ ಇದೆ ಎಂದು ಲಿಂಡ್ಸೆ ಮೆಕ್‌ಕ್ರೆಡಿ, ಜೋಸೆಫ್ ಪಾಸಿ, ರೂಬಿ ಪೇಯ್ನ್-ಸ್ಕಾಟ್ ತೋರಿಸಿದರು. 1947ರ ಅವರ ಪ್ರಬಂಧದಲ್ಲಿ ಇನ್ನೊಂದು ಮಾತೂ ಇತ್ತು: ಬೇರೆ ಬೇರೆ ಅಂತರಗಳಲ್ಲಿ ಇಂಥ ಹಲ್ಲುಗಳನ್ನು ಅಳೆದು ಒಟ್ಟುಗೂಡಿಸಿದರೆ, ಗಣಿತದಿಂದ ಪೂರ್ಣ ಚಿತ್ರವನ್ನೇ ಕಟ್ಟಬಹುದು. ಇಂದಿನ ದೊಡ್ಡ ರೇಡಿಯೊ ದೂರದರ್ಶಕ ಸಮೂಹಗಳೆಲ್ಲ ನಿಂತಿರುವುದು ಇದೇ ತತ್ವದ ಮೇಲೆ.

ಬರುತ್ತಿರುವುದು ಸೂರ್ಯನದ್ದೇ, ಪಕ್ಕದ ಕಾರ್ಖಾನೆಯದ್ದಲ್ಲ ಎಂದು ಹೇಗೆ ಖಚಿತಪಡಿಸಿಕೊಳ್ಳುತ್ತಿದ್ದರು?

ಮೂರು ಪರೀಕ್ಷೆಗಳಿದ್ದವು. ಗದ್ದಲದ ದಿಕ್ಕು ಸೂರ್ಯನ ಜೊತೆಗೆ ಸರಿಯಬೇಕು. ದೂರದ ಎರಡು ಕೇಂದ್ರಗಳಲ್ಲಿ ಒಂದೇ ಕ್ಷಣದಲ್ಲಿ ಒಂದೇ ಆಕಾರದಲ್ಲಿ ದಾಖಲಾಗಬೇಕು. ದಿನದಿಂದ ದಿನಕ್ಕೆ ಅದರ ಏರಿಳಿತ ಸೌರಕಲೆಗಳ ವಿಸ್ತಾರಕ್ಕೆ ಹೊಂದಬೇಕು. ಮೂರನೆಯದನ್ನು ಪಾಸಿ ತಂಡ 1945ರ ಅಕ್ಟೋಬರಿನಲ್ಲಿ ಸಿಡ್ನಿಯ ಉತ್ತರಕ್ಕಿರುವ ಕೊಲರಾಯ್ ರೇಡಾರ್ ಕೇಂದ್ರದಲ್ಲಿ ಮಾಡಿ ತೋರಿಸಿತು. ಅವರನ್ನು ಆ ಕೆಲಸಕ್ಕೆ ಹಚ್ಚಿದ್ದು ನ್ಯೂಜಿಲೆಂಡಿನಲ್ಲಿದ್ದ ಎಲಿಜಬೆತ್ ಅಲೆಕ್ಸಾಂಡರ್ ಅವರ ವರದಿ. ನಾರ್ಫೋಕ್ ದ್ವೀಪದ ರೇಡಾರಿನಲ್ಲಿ 1945ರ ಮಾರ್ಚಿನಲ್ಲಿ ಸೂರ್ಯೋದಯ, ಸೂರ್ಯಾಸ್ತದ ಹೊತ್ತಿಗೆ ಕಾಣಿಸಿಕೊಂಡ ಗದ್ದಲವನ್ನು ಬೆನ್ನುಹತ್ತಿ, ಅದು ಸೂರ್ಯನದೆಂದು ಅವರು ಗುರುತಿಸಿದ್ದರು. ಅವರ ಹೆಸರು ಈ ಚರಿತ್ರೆಯಲ್ಲಿ ಬಹುಕಾಲ ಮರೆಯಾಗಿತ್ತು ಎಂಬುದು ಬೇಸರದ ಸಂಗತಿ.

ರೂಬಿ ಪೇಯ್ನ್-ಸ್ಕಾಟ್ ಅಷ್ಟು ದೊಡ್ಡ ಕೆಲಸ ಮಾಡಿದ ಮೇಲೆ ಅರ್ಧದಲ್ಲೇ ಏಕೆ ಬಿಟ್ಟರು?

ಬಿಡಬೇಕಾಗಿ ಬಂತು. ಮದುವೆಯಾದ ಹೆಣ್ಣುಮಕ್ಕಳಿಗೆ ಆಗಿನ ಆಸ್ಟ್ರೇಲಿಯಾದ ಸರ್ಕಾರಿ ಸೇವೆಯಲ್ಲಿ ಕಾಯಂ ಹುದ್ದೆ ಇರಲಿಲ್ಲ. ಅವರು 1944ರಲ್ಲಿ ಮದುವೆಯಾಗಿ ಅದನ್ನು ಹೇಳದೆ ಕೆಲಸ ಮುಂದುವರಿಸಿದರು. 1950ರಲ್ಲಿ ವಿಷಯ ತಿಳಿದಾಗ ಕಾಯಂ ಹುದ್ದೆ ಹೋಯಿತು. ಮೊದಲ ಮಗು ಹುಟ್ಟುವ ಮುನ್ನ, 1951ರಲ್ಲಿ, ಅವರು ಸಂಶೋಧನೆಯಿಂದಲೇ ಹೊರಬಂದರು. ಆರೇಳು ವರ್ಷಗಳಲ್ಲಿ ಅವರು ಮಾಡಿಟ್ಟ ಅಳತೆಗಳನ್ನು ಓದುವಾಗಲೆಲ್ಲ, ಇನ್ನೂ ಇಪ್ಪತ್ತು ವರ್ಷ ಸಿಕ್ಕಿದ್ದರೆ ಏನೆಲ್ಲ ಆಗುತ್ತಿತ್ತೋ ಎಂದು ಮನಸ್ಸು ಮರುಗುತ್ತದೆ.

ಗ್ರಹಣದ ಹೊತ್ತಿಗೆ ರೇಡಿಯೊದವರಿಗೆ ಏನು ಕೆಲಸ? ಅವರೇನು ಕಣ್ಣಿಂದ ನೋಡುವವರಲ್ಲವಲ್ಲ?

ಕಣ್ಣಿಂದ ನೋಡುವವರಿಗಿಂತ ಅವರಿಗೇ ಗ್ರಹಣ ಹೆಚ್ಚು ಬೇಕಾಗಿತ್ತು. ಮಸುಕಾದ ನೋಟದ ಆಂಟೆನಾದ ಮುಂದೆ ಚಂದ್ರನ ಚೂಪಾದ ಅಂಚು ಸೂರ್ಯನನ್ನು ಸ್ವಲ್ಪಸ್ವಲ್ಪವಾಗಿ ಮುಚ್ಚುತ್ತ ಹೋದರೆ, ಯಾವ ಕ್ಷಣದಲ್ಲಿ ಯಾವ ಭಾಗ ಮರೆಯಾಯಿತು, ಆಗ ಗೆರೆ ಎಷ್ಟು ಇಳಿಯಿತು ಎಂದು ಲೆಕ್ಕ ಹಾಕಿ ಸೂರ್ಯಬಿಂಬದ ತುಂಡುತುಂಡನ್ನೂ ಅಳೆಯಬಹುದು. 1946ರ ನವೆಂಬರ್ 23ರ ಪಾರ್ಶ್ವಗ್ರಹಣದಲ್ಲಿ ಕವಿಂಗ್ಟನ್ ತಮ್ಮ 10.7 ಸೆಂಟಿಮೀಟರ್ ಉಪಕರಣದಿಂದ ಇದನ್ನೇ ಮಾಡಿದರು. ಚಂದ್ರನ ಅಂಚು ದೊಡ್ಡ ಸೌರಕಲೆಗಳ ಗುಂಪಿನ ಮೇಲೆ ಹಾದ ಕೂಡಲೇ ಗೆರೆ ಥಟ್ಟನೆ ಕುಸಿಯಿತು. ಆ ಗುಂಪಿನ ಜಾಗಕ್ಕೆ ಲೆಕ್ಕದಲ್ಲಿ ಸಿಕ್ಕ ಉಷ್ಣತೆ ಸುಮಾರು 15 ಲಕ್ಷ ಡಿಗ್ರಿ.

ಮರುವರ್ಷ ಮೇ 20ರ ಪೂರ್ಣಗ್ರಹಣಕ್ಕೆ ಸೋವಿಯತ್ ವಿಜ್ಞಾನಿಗಳು ಗ್ರಿಬೊಯೆದೊವ್ ಎಂಬ ಹಡಗಿನಲ್ಲಿ ಬ್ರೆಜಿಲ್‌ಗೆ ಹೋದರು. ಸೆಮ್ಯೊನ್ ಖೈಕಿನ್ ಮತ್ತು ಬೋರಿಸ್ ಚಿಖಚೊವ್ ಹಡಗಿನ ಮೇಲೆಯೇ ಆಂಟೆನಾ ನಿಲ್ಲಿಸಿ ಒಂದೂವರೆ ಮೀಟರ್ ಅಲೆಯಲ್ಲಿ ಅಳೆದರು. ಬೆಳಕಿನ ಸೂರ್ಯ ಪೂರ್ತಿ ಮುಚ್ಚಿ ಹಗಲೇ ಕತ್ತಲಾದಾಗಲೂ ರೇಡಿಯೊ ಸೂರ್ಯನ ಸುಮಾರು 40 ಶೇಕಡಾ ಉಳಿದೇ ಇತ್ತು. ಮೀಟರ್ ಅಲೆಗಳು ಬರುತ್ತಿರುವುದು ಬಿಂಬದಾಚೆಗೂ ಹರಡಿರುವ ಪ್ರಭಾವಲಯದಿಂದ, ಅಂದರೆ ಕರೋನಾದಿಂದ, ಎನ್ನುವುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿರಲಿಲ್ಲ.

ಆಸ್ಟ್ರೇಲಿಯಾದ ಹಳೆಯ ಡಿಶ್‌ಗಳು ಭಾರತಕ್ಕೆ ಬಂದವು ಎನ್ನುವುದು ನಿಜವೇ?

ನಿಜ. ವಿಲ್ಬರ್ ಕ್ರಿಸ್ಟಿಯನ್‌ಸೆನ್ ಅವರು ಸಿಡ್ನಿಯ ಪಾಟ್ಸ್ ಹಿಲ್ ಜಲಾಶಯದ ದಂಡೆಯ ಮೇಲೆ 1951ರಲ್ಲಿ 1.8 ಮೀಟರ್ ಅಗಲದ 32 ಡಿಶ್‌ಗಳನ್ನು ಸುಮಾರು 213 ಮೀಟರ್ ಉದ್ದದ ಸಾಲಿನಲ್ಲಿ ನಿಲ್ಲಿಸಿದ್ದರು. 1953ರಲ್ಲಿ ದೆಹಲಿಯ ರಾಷ್ಟ್ರೀಯ ಭೌತಶಾಸ್ತ್ರ ಪ್ರಯೋಗಾಲಯದಿಂದ ತರಬೇತಿಗೆ ಹೋದ ಗೋವಿಂದ ಸ್ವರೂಪ್ ಮತ್ತು ಆರ್. ಪಾರ್ಥಸಾರಥಿ ಅದೇ ಸಾಲನ್ನು 60 ಸೆಂಟಿಮೀಟರ್ ಅಲೆಗೆ ಮಾರ್ಪಡಿಸಿ ಸೂರ್ಯನನ್ನು ಅಳೆದರು. ಹೊಸ ಉಪಕರಣ ಬರುವುದಿತ್ತಾದ್ದರಿಂದ ಹಳೆಯ ಡಿಶ್‌ಗಳು ಮೂಲೆ ಸೇರುವುದರಲ್ಲಿದ್ದವು. ಅವನ್ನು ಭಾರತಕ್ಕೆ ಕೊಡುವಿರಾ ಎಂದು ಸ್ವರೂಪ್ ಕೇಳಿದರು, ಆಸ್ಟ್ರೇಲಿಯಾ ಒಪ್ಪಿತು. ಡಿಶ್‌ಗಳು ಬಂದು ಕೆಲವು ವರ್ಷ ಸುಮ್ಮನೆ ಕುಳಿತ ಬಳಿಕ, 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಸ್ವರೂಪ್ ತಂಡ ಅವನ್ನು ಮುಂಬಯಿ ಸಮೀಪದ ಕಲ್ಯಾಣದಲ್ಲಿ ನಿಲ್ಲಿಸಿತು: ಪೂರ್ವ-ಪಶ್ಚಿಮವಾಗಿ 24, ಉತ್ತರ-ದಕ್ಷಿಣವಾಗಿ 8, 610 ಮೆಗಾಹರ್ಟ್ಸ್‌ನಲ್ಲಿ. ಅಲ್ಲಿ ಸೂರ್ಯನ ಮೇಲೆ ಕೈ ಪಳಗಿಸಿಕೊಂಡ ತಂಡವೇ 1970ರಲ್ಲಿ ಊಟಿಯ 530 ಮೀಟರ್ ಉದ್ದದ ರೇಡಿಯೊ ದೂರದರ್ಶಕವನ್ನು ಮುಗಿಸಿತು.

ಇಂಥದ್ದನ್ನು ಮನೆಯಲ್ಲಿ ಮಾಡಿ ನೋಡಬಹುದೇ?

ಮಾಡಬಹುದು. ಬಳಕೆ ತಪ್ಪಿದ 60 ಸೆಂಟಿಮೀಟರ್ ಡಿಟಿಎಚ್ ಡಿಶ್, ಅದರ ಎಲ್‌ಎನ್‌ಬಿ (ಡಿಶ್ ಒಂದೆಡೆ ಸೇರಿಸಿದ ಅಲೆಗಳನ್ನು ಹಿಡಿಯುವ ಭಾಗ), ಮತ್ತು ಡಿಶ್ ಕೂರಿಸುವವರು ಬಳಸುವ ಮುಳ್ಳಿನ ಸ್ಯಾಟಲೈಟ್ ಫೈಂಡರ್ ಇದ್ದರೆ ಸಾಕು. ಶಾಲೆಯೊಂದರ ತಾರಸಿಯ ಮೇಲೆ ಮಕ್ಕಳೊಂದಿಗೆ ಮಾಡಿದಾಗ, ಮೊದಲು ಡಿಶ್ಶನ್ನು ಉಪಗ್ರಹಗಳಿಲ್ಲದ ಖಾಲಿ ಆಕಾಶಕ್ಕೆ ತಿರುಗಿಸಿ, ಮುಳ್ಳು ಕೆಳಭಾಗದಲ್ಲಿ ನಿಲ್ಲುವಂತೆ ತಿರುಪನ್ನು ಹೊಂದಿಸಿದೆವು. ಎಲ್‌ಎನ್‌ಬಿಯ ಮುಂದೆ ಅಂಗೈ ಹಿಡಿದಾಗ ಮುಳ್ಳು ಏರಿತು, ಏಕೆಂದರೆ ಅಂಗೈಯೂ ಸುಮಾರು 300 ಕೆಲ್ವಿನ್ ಬಿಸಿಯ ವಸ್ತುವೇ. ಕೈ ತೆಗೆದು ಡಿಶ್ಶನ್ನು ಸೂರ್ಯನ ಕಡೆಗೆ ಸರಿಸಿದಾಗ ಮತ್ತೆ ಹೆಚ್ಚುಕಡಿಮೆ ಅಷ್ಟೇ ಏರಿತು. ಈ ಅಲೆಯಲ್ಲಿ ಸೂರ್ಯನ ಉಷ್ಣತೆ ಹತ್ತು ಸಾವಿರ ಡಿಗ್ರಿಯ ಮೇಲಿದ್ದರೂ, ಡಿಶ್‌ನ ಎರಡೂವರೆ ಡಿಗ್ರಿ ನೋಟದಲ್ಲಿ ಅವನು ತುಂಬುವುದು ಒಂದು ಚಿಕ್ಕ ಮೂಲೆಯನ್ನು ಮಾತ್ರ. ಅಂಗೈಯಾದರೋ ಇಡೀ ನೋಟವನ್ನೇ ತುಂಬುತ್ತದೆ. ಎಲ್‌ಎನ್‌ಬಿ ಡಿಶ್‌ನ ನಡುವೆ ಇರದೆ ಕೆಳಗಿರುವುದರಿಂದ, ಡಿಶ್ ಮುಖಮಾಡಿದಂತೆ ಕಾಣುವ ದಿಕ್ಕಿಗಿಂತ ಮೇಲಕ್ಕೆ ನೋಡುತ್ತದೆ ಎಂಬುದನ್ನು ನೆನಪಿಡಬೇಕು. ಹೊಳೆಯುವ ಲೋಹದ ಡಿಶ್ ಬೇಡ, ಅದು ಶಾಖವನ್ನೂ ಒಂದೆಡೆ ಸೇರಿಸಿ ಸುಡುತ್ತದೆ. ಮಂಕು ಬಣ್ಣ ಬಳಿದದ್ದೇ ಇರಲಿ. ಯಾರೂ ಸೂರ್ಯನನ್ನು ಬರಿಗಣ್ಣಿನಿಂದ ನೋಡಿ ಗುರಿ ಹಿಡಿಯಬಾರದು, ನೆರಳನ್ನು ನೋಡಿ ಹೊಂದಿಸಬೇಕು.

ಅಂದಹಾಗೆ, ಮಾರ್ಚ್ ಮತ್ತು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಕೆಲವು ದಿನ ಒಂದೇ ಹೊತ್ತಿಗೆ ಡಿಟಿಎಚ್ ಕೆಲವು ನಿಮಿಷ ಕೆಡುವುದು ಇದೇ ಕಾರಣಕ್ಕೆ: ಉಪಗ್ರಹದ ಬೆನ್ನ ಹಿಂದೆಯೇ ಸೂರ್ಯ ಬಂದಿರುತ್ತಾನೆ.

ಇನ್ನಷ್ಟು ಆಳದ ಪ್ರಶ್ನೆಗಳು

ರಿಸೀವರಿನ ಸ್ವಂತ ಗದ್ದಲವೇ ಸೂರ್ಯನಿಗಿಂತ ಹೆಚ್ಚಿರುತ್ತಿತ್ತಲ್ಲ, ಮತ್ತೆ ಅಳೆದದ್ದು ಹೇಗೆ?

ಸರಿಯಾದ ಪ್ರಶ್ನೆ. ಗದ್ದಲವನ್ನು, ಅಷ್ಟೇ ಗದ್ದಲ ಮಾಡುವ ಬಿಸಿ ವಸ್ತುವಿನ ಉಷ್ಣತೆಯಾಗಿ ಕೆಲ್ವಿನ್‌ನಲ್ಲಿ ಹೇಳುವುದು ವಾಡಿಕೆ. ಆಗಿನ ವಾಲ್ವ್ ರಿಸೀವರಿನ ಗದ್ದಲ ಸಾವಿರ ಕೆಲ್ವಿನ್‌ಗೂ ಮೀರುತ್ತಿತ್ತು, ಚಿಕ್ಕ ಯಾಗಿಯೊಂದು ಶಾಂತ ಸೂರ್ಯನಿಂದ ಸೇರಿಸುವುದು ಕೆಲವು ಹತ್ತು ಕೆಲ್ವಿನ್ ಮಾತ್ರ. ಗದ್ದಲ ಹೆಚ್ಚಿದ್ದರೂ ಸ್ಥಿರವಾಗಿದ್ದರೆ ಕಳೆದುಬಿಡಬಹುದಿತ್ತು. ಆದರೆ ಕೋಣೆ ಬಿಸಿಯಾದರೆ, ವೋಲ್ಟೇಜ್ ಸ್ವಲ್ಪ ಇಳಿದರೆ, ರಿಸೀವರಿನ ವರ್ಧನೆ ನೂರಕ್ಕೆ ಒಂದೆರಡು ಪಾಲು ಜಾರುತ್ತಿತ್ತು, ಆ ಜಾರುವಿಕೆಯಲ್ಲಿಯೇ ಸೂರ್ಯ ಮುಚ್ಚಿಹೋಗುತ್ತಿದ್ದ. ಅಮೆರಿಕದ ರಾಬರ್ಟ್ ಡಿಕ್ಕಿ 1946ರಲ್ಲಿ ಪ್ರಕಟಿಸಿದ ಉಪಾಯ ಸರಳವಾದದ್ದು. ರಿಸೀವರನ್ನು ಒಂದು ಸೆಕೆಂಡಿನಲ್ಲಿ ಹಲವು ಬಾರಿ ಆಂಟೆನಾಕ್ಕೂ ಉಷ್ಣತೆ ಗೊತ್ತಿರುವ ಒಂದು ರೋಧಕಕ್ಕೂ ಬದಲಾಯಿಸುತ್ತ, ಎರಡರ ವ್ಯತ್ಯಾಸವನ್ನಷ್ಟೇ ದಾಖಲಿಸುವುದು. ವರ್ಧನೆ ನಿಧಾನವಾಗಿ ಜಾರಿದರೆ ಎರಡೂ ಕಡೆ ಒಟ್ಟಿಗೇ ಜಾರುತ್ತದೆ. ನಮ್ಮ ತಕ್ಕಡಿಯ ಹಾಗೆ, ಇದೂ ಕಲ್ಲನ್ನು ಎದುರಿಗಿಟ್ಟು ತೂಗುವ ವಿಧಾನ. ಕೇಂಬ್ರಿಜ್‌ನಲ್ಲಿ ಮಾರ್ಟಿನ್ ರೈಲ್ ಮತ್ತು ಡೆರೆಕ್ ವಾನ್‌ಬರ್ಗ್ ಒಂದು ಹೆಜ್ಜೆ ಮುಂದೆ ಹೋಗಿ, ಎದುರಿನ ಗದ್ದಲ ಆಂಟೆನಾದಷ್ಟೇ ಆಗುವವರೆಗೆ ಡಯೋಡಿನ ವಿದ್ಯುತ್ತನ್ನು ತಾನಾಗಿ ಹೊಂದಿಸಿಕೊಳ್ಳುವ ಏರ್ಪಾಡು ಮಾಡಿ, ಆ ವಿದ್ಯುತ್ತನ್ನೇ ಅಳತೆಯಾಗಿ ಬರೆದುಕೊಂಡರು.

ಸೂರ್ಯನ ಮೇಲ್ಮೈ 5,800 ಡಿಗ್ರಿ ಎಂದು ಓದಿದ್ದೇವೆ. ರೇಡಿಯೊದಲ್ಲಿ ಹತ್ತು ಲಕ್ಷ ಡಿಗ್ರಿ ಹೇಗೆ ಬರುತ್ತದೆ?

ಎರಡೂ ಸರಿ, ಆದರೆ ಎರಡು ಬೇರೆ ಬೇರೆ ಪದರಗಳ ಮಾತು. ಕರೋನಾ ಬೆಳಕಿಗೆ ಗಾಜಿನಂತೆ ಪಾರದರ್ಶಕ, ಆದ್ದರಿಂದ ಕಣ್ಣಿಗೆ ಅದರಡಿಯ ದ್ಯುತಿಗೋಳ, ಅಂದರೆ ಸೂರ್ಯನ ಬೆಳಗುವ ಮೇಲ್ಮೈ, ಕಾಣುತ್ತದೆ. ಮೀಟರ್ ಅಲೆಗಳು ಮಾತ್ರ ಕರೋನಾದ ಆ ತೆಳುವಾದ ಪ್ಲಾಸ್ಮಾದಲ್ಲಿಯೇ (ವಿದ್ಯುದಾವೇಶದ ಅನಿಲದಲ್ಲಿಯೇ) ಹೀರಲ್ಪಟ್ಟು, ಅಲ್ಲಿಂದಲೇ ಹೊರಬರುತ್ತವೆ. ಕರೋನಾದ ವಿಚಿತ್ರ ವರ್ಣರೇಖೆಗಳು ಒಂಬತ್ತರಿಂದ ಹದಿಮೂರು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಕಬ್ಬಿಣದವು ಎಂದು ಗ್ರೋಟ್ರಿಯನ್ ಮತ್ತು ಎಡ್ಲೆನ್ 1940ರ ಆಸುಪಾಸಿನಲ್ಲಿ ತೋರಿಸಿದ್ದರು, ಆದರೂ ಹತ್ತು ಲಕ್ಷ ಡಿಗ್ರಿಯ ಮಾತು ಹಲವರಿಗೆ ಜೀರ್ಣವಾಗಿರಲಿಲ್ಲ. 1946ರಲ್ಲಿ ಪಾಸಿ ಅವರು 200 ಮೆಗಾಹರ್ಟ್ಸ್‌ನ ದಿನನಿತ್ಯದ ದಾಖಲೆಗಳನ್ನು ಜೋಡಿಸಿದಾಗ, ಸೌರಕಲೆಗಳಿಲ್ಲದ ದಿನಗಳಲ್ಲಿಯೂ ಗೆರೆ ಇಳಿಯದ ಒಂದು ತಳಮಟ್ಟವಿತ್ತು. ಅದನ್ನು ಉಷ್ಣತೆಗೆ ತಿರುಗಿಸಿದರೆ ಬಂದದ್ದು ಸುಮಾರು ಹತ್ತು ಲಕ್ಷ ಕೆಲ್ವಿನ್. ಅದೇ ವರ್ಷ ಆಸ್ಟ್ರೇಲಿಯಾದ ಡೇವಿಡ್ ಮಾರ್ಟಿನ್, ಸೋವಿಯತ್ ಒಕ್ಕೂಟದ ವಿಟಾಲಿ ಗಿನ್ಸ್‌ಬರ್ಗ್ ಸಿದ್ಧಾಂತದಿಂದಲೂ ಅದನ್ನೇ ಹೇಳಿದರು.

ಮೊದಲ, ಎರಡನೆಯ, ಮೂರನೆಯ ಬಗೆಯ ಸ್ಫೋಟ ಎನ್ನುತ್ತಾರೆ. ಈ ವಿಂಗಡಣೆ ಹೇಗೆ ಬಂತು?

ಕರೋನಾದಲ್ಲಿ ಕೆಳಗೆ ಎಲೆಕ್ಟ್ರಾನುಗಳ ಸಾಂದ್ರತೆ ಹೆಚ್ಚು, ಮೇಲೆ ಹೋದಂತೆ ಕಡಿಮೆ. ಪ್ರತಿಯೊಂದು ಸಾಂದ್ರತೆಗೂ ತನ್ನದೇ ಒಂದು ಸಹಜ ಆವರ್ತನವಿದೆ. ಒಂದು ಘನ ಸೆಂಟಿಮೀಟರಿನಲ್ಲಿರುವ ಎಲೆಕ್ಟ್ರಾನುಗಳ ಸಂಖ್ಯೆಯ ವರ್ಗಮೂಲವನ್ನು 9ರಿಂದ ಗುಣಿಸಿದರೆ ಅದು ಕಿಲೊಹರ್ಟ್ಸ್‌ನಲ್ಲಿ ಸಿಗುತ್ತದೆ. ಹತ್ತು ಕೋಟಿ ಎಲೆಕ್ಟ್ರಾನುಗಳಿದ್ದರೆ 90 ಮೆಗಾಹರ್ಟ್ಸ್. ಹಾಗಾಗಿ ಯಾವುದೋ ಒಂದು ಕೆಳಗಿನಿಂದ ಮೇಲಕ್ಕೆ ಧಾವಿಸಿದರೆ, ಅದು ಎಬ್ಬಿಸುವ ರೇಡಿಯೊ ದನಿ ಹೆಚ್ಚಿನ ಆವರ್ತನದಿಂದ ಕಡಿಮೆಗೆ ಜಾರುತ್ತದೆ.

ಇದು ಮೊದಲು ಎದ್ದು ಕಂಡದ್ದು 1947ರ ಮಾರ್ಚ್ 8ರಂದು. ಪೇಯ್ನ್-ಸ್ಕಾಟ್, ಯಾಬ್ಸ್‌ಲಿ ಮತ್ತು ಬೋಲ್ಟನ್ ಅವರ 200, 100, 60 ಮೆಗಾಹರ್ಟ್ಸ್‌ನ ಮೂರು ರಿಸೀವರುಗಳಲ್ಲಿ ಒಂದೇ ಸ್ಫೋಟ ಕೆಲವು ನಿಮಿಷಗಳ ಅಂತರದಲ್ಲಿ ಒಂದಾದ ಮೇಲೆ ಒಂದರಂತೆ ಬಂದಿತು. ಮೂರು ಆವರ್ತನಗಳ ಬದಲು ಎಲ್ಲವನ್ನೂ ಒಟ್ಟಿಗೆ ನೋಡಬೇಕೆಂದು ಪಾಲ್ ವೈಲ್ಡ್ 1949ರಲ್ಲಿ ಸಿಡ್ನಿ ಸಮೀಪದ ಪೆನ್ರಿತ್‌ನಲ್ಲಿ 70ರಿಂದ 130 ಮೆಗಾಹರ್ಟ್ಸ್‌ವರೆಗೆ ತಾನಾಗಿ ಗುಡಿಸುವ ರಿಸೀವರನ್ನು ಕಟ್ಟಿ, ಫಲಿತವನ್ನು ಪರದೆಯ ಮೇಲೆ ಮೂಡಿಸಿ ಫಿಲ್ಮಿನಲ್ಲಿ ಹಿಡಿದರು. ಫಿಲ್ಮಿನಲ್ಲಿ ಮೂರು ಬಗೆಯ ಗುರುತುಗಳು ಕಂಡವು: ಗಂಟೆಗಟ್ಟಲೆ, ದಿನಗಟ್ಟಲೆ ಚುಕ್ಕಿಗಳಂತೆ ಸುರಿಯುವುದು ಮೊದಲನೆಯದು, ನಿಮಿಷಗಳ ಮೇಲೆ ನಿಧಾನವಾಗಿ ಜಾರುವುದು ಎರಡನೆಯದು, ಸೆಕೆಂಡುಗಳಲ್ಲಿ ಕಡಿದಾಗಿ ಜಾರುವುದು ಮೂರನೆಯದು. ಜಾರುವ ವೇಗದಿಂದ ಲೆಕ್ಕ ಹಾಕಿದರೆ, ಎರಡನೆಯದು ಸೆಕೆಂಡಿಗೆ ಸಾವಿರ ಕಿಲೊಮೀಟರಿನ ಆಸುಪಾಸಿನ ಆಘಾತ ತರಂಗ, ಮೂರನೆಯದು ಬೆಳಕಿನ ವೇಗದ ಸುಮಾರು ಮೂರನೇ ಒಂದು ಪಾಲು ವೇಗದ ಎಲೆಕ್ಟ್ರಾನುಗಳ ಹೊನಲು. ನಾಲ್ಕನೆಯ ಬಗೆಯನ್ನು 1957ರಲ್ಲಿ ಫ್ರಾನ್ಸಿನ ಆಂದ್ರೆ ಬುವಾಶೊ ಸೇರಿಸಿದರು. ಅದೇ ಕಾಲದಲ್ಲಿ ಅಮೆರಿಕದ ಫೋರ್ಟ್ ಡೇವಿಸ್‌ನಲ್ಲಿದ್ದ ಸ್ವರೂಪ್, ಅಲನ್ ಮ್ಯಾಕ್ಸ್‌ವೆಲ್ ಜೊತೆಗೂಡಿ, ಜಾರಿ ಮತ್ತೆ ಮೇಲೇರುವ ಯು ಆಕಾರದ ಸ್ಫೋಟಗಳನ್ನು ಗುರುತಿಸಿದರು. ಕಾಂತಕ್ಷೇತ್ರದ ಕಮಾನನ್ನು ಹತ್ತಿ ಇಳಿಯುವ ಎಲೆಕ್ಟ್ರಾನುಗಳ ಹಾದಿ ಅದು.

ಕೊನೆಗೆ ಪೂರ್ಣ ಚಿತ್ರ ಯಾವಾಗ ಸಿಕ್ಕಿತು?

ಕ್ರಿಸ್ಟಿಯನ್‌ಸೆನ್ ಅವರ 32 ಡಿಶ್‌ಗಳ ಸಾಲು 21 ಸೆಂಟಿಮೀಟರ್ ಅಲೆಯಲ್ಲಿ ಆಕಾಶದ ಮೇಲೆ ಬೀಸಣಿಗೆಯಂತೆ ಹಲವು ಕಿರಿದಾದ ನೋಟಗಳನ್ನು ಚೆಲ್ಲುತ್ತಿತ್ತು. ಒಂದೊಂದರ ಅಗಲ ಸುಮಾರು 3 ಕೋನನಿಮಿಷ (ಡಿಗ್ರಿಯ ಅರವತ್ತನೇ ಒಂದು ಪಾಲು ಒಂದು ಕೋನನಿಮಿಷ), ಒಂದರಿಂದ ಇನ್ನೊಂದಕ್ಕೆ 1.7 ಡಿಗ್ರಿ ಅಂತರ. ಆದುದರಿಂದ ಒಮ್ಮೆಗೆ ಒಂದೇ ನೋಟ ಸೂರ್ಯನ ಮೇಲೆ ಹಾದು, ಅವನ ಅಡ್ಡಸೀಳನ್ನು ಕಾಗದಕ್ಕಿಳಿಸುತ್ತಿತ್ತು. ದಿನವಿಡೀ ಭೂಮಿ ತಿರುಗುವಾಗ ಆ ಸಾಲು ಸೂರ್ಯನನ್ನು ಬೇರೆ ಬೇರೆ ಕೋನಗಳಲ್ಲಿ ಸೀಳುತ್ತದೆ. ಉತ್ತರ-ದಕ್ಷಿಣದ ಇನ್ನೊಂದು ಸಾಲನ್ನೂ ಸೇರಿಸಿ, ಎಲ್ಲ ಸೀಳುಗಳನ್ನು ತಿಂಗಳುಗಟ್ಟಲೆ ಕೈಲೆಕ್ಕದಲ್ಲಿ ಕೂಡಿಸಿ, 1955ರಲ್ಲಿ ಕ್ರಿಸ್ಟಿಯನ್‌ಸೆನ್ ಮತ್ತು ವಾರ್ಬರ್ಟನ್ ಶಾಂತ ಸೂರ್ಯನ ನಕ್ಷೆಯನ್ನು ಪ್ರಕಟಿಸಿದರು. ಬಿಂಬದ ನಡುವಿಗಿಂತ ಅಂಚುಗಳೇ ಹೆಚ್ಚು ಉಜ್ವಲವಾಗಿದ್ದವು. ಕ್ಷಣಕ್ಷಣಕ್ಕೂ ಚಲಿಸುವ ಚಿತ್ರ ಬಂದದ್ದು 1967ರಲ್ಲಿ, ವೈಲ್ಡ್ ಅವರು ಆಸ್ಟ್ರೇಲಿಯಾದ ಕಲ್ಗೂರಾದಲ್ಲಿ 3 ಕಿಲೊಮೀಟರ್ ಅಡ್ಡಗಲದ ವೃತ್ತದ ಮೇಲೆ 96 ಡಿಶ್‌ಗಳನ್ನು ನಿಲ್ಲಿಸಿದಾಗ.

ನಮ್ಮ ಗೌರಿಬಿದನೂರಿನಲ್ಲಿ ಈಗಲೂ ಇದೇ ಕೆಲಸ ನಡೆಯುತ್ತದೆಯೇ?

ಬೆಟ್ಟಗಳ ನಡುವೆ, ಊರಿನ ರೇಡಿಯೊ ಗದ್ದಲದಿಂದ ದೂರವಿರುವ ಆ ಬಯಲಿನಲ್ಲಿ ಭಾರತೀಯ ಖಗೋಳಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆಗಳು 1976ರ ಹೊತ್ತಿಗೆ ಸಾವಿರ ಡೈಪೋಲುಗಳ, ಇಂಗ್ಲಿಷಿನ ಟಿ ಅಕ್ಷರದ ಆಕಾರದ ಆಂಟೆನಾ ಸಮೂಹವನ್ನು 34.5 ಮೆಗಾಹರ್ಟ್ಸ್‌ಗಾಗಿ ಕಟ್ಟಿದವು. ಅದರ ಪೂರ್ವ-ಪಶ್ಚಿಮ ತೋಳು ಸುಮಾರು 1.4 ಕಿಲೊಮೀಟರ್. 1997ರಲ್ಲಿ ಸೂರ್ಯನಿಗೆಂದೇ ಇನ್ನೊಂದು ಸಮೂಹ ಆರಂಭವಾಯಿತು. ಅದರಲ್ಲಿರುವುದು ಡಿಶ್‌ಗಳಲ್ಲ, ನೂರಾರು ಲಾಗ್-ಪೀರಿಯಾಡಿಕ್ ಆಂಟೆನಾಗಳು. ದೂರದಿಂದ ನೋಡಿದರೆ ಹೊಲದಲ್ಲಿ ಹಳೆಯ ಟಿವಿ ಆಂಟೆನಾಗಳನ್ನು ಸಾಲಾಗಿ ನೆಟ್ಟಂತೆ ಕಾಣುತ್ತದೆ. ಕರೋನಾದ ಮೇಲ್ಭಾಗವನ್ನು ಈ ಅಲೆಗಳಲ್ಲಿ ಪ್ರತಿದಿನ ಚಿತ್ರಿಸುವ ಕೇಂದ್ರಗಳು ಜಗತ್ತಿನಲ್ಲಿ ಕೆಲವೇ. ಜಪಾನಿನಲ್ಲಿ ಸೂರ್ಯ ಇಳಿಯುತ್ತಿರುವಾಗ, ಯುರೋಪಿನಲ್ಲಿ ಇನ್ನೂ ಮೇಲೇರಿರದ ಹೊತ್ತಿನಲ್ಲಿ, ನಮ್ಮ ರೇಖಾಂಶದಲ್ಲಿ ನಡುಹಗಲು ಇರುವುದು ಈ ಕೇಂದ್ರದ ದೊಡ್ಡ ಉಪಯೋಗ.

ಆ ಕಾಲದ ಅಳತೆಗಳಿಗೆ ಇಂದು ಏನಾದರೂ ಬೆಲೆ ಇದೆಯೇ?

ಇದೆ, ಅದೂ ದಿನಬಳಕೆಯ ಬೆಲೆ. ಗ್ರಹಣದ ಬಳಿಕ ಕವಿಂಗ್ಟನ್ ತಮ್ಮ ಚಿಕ್ಕ ಡಿಶ್ಶನ್ನು ಕಳಚಿಡದೆ, 1947ರಿಂದ ಪ್ರತಿದಿನ 10.7 ಸೆಂಟಿಮೀಟರಿನಲ್ಲಿ ಸೂರ್ಯನನ್ನು ಅಳೆಯತೊಡಗಿದರು. ಒಟ್ಟಾವಾದಲ್ಲಿ ಶುರುವಾದ ಕೆಲಸ ಆಲ್ಗಾಂಕ್ವಿನ್‌ಗೆ, 1990ರ ದಶಕದ ಆರಂಭದಲ್ಲಿ ಪೆಂಟಿಕ್ಟನ್‌ಗೆ ಸ್ಥಳಾಂತರಗೊಂಡರೂ ಸರಣಿ ತುಂಡಾಗಿಲ್ಲ. ಸೌರಕಲೆಗಳು ಇಲ್ಲದ ಕಾಲದಲ್ಲಿ ಈ ಅಂಕಿ 70ರ ಆಸುಪಾಸಿಗೆ ಇಳಿಯುತ್ತದೆ, ಚಟುವಟಿಕೆಯ ಉತ್ತುಂಗದಲ್ಲಿ 200ನ್ನು ದಾಟುತ್ತದೆ. ಸೂರ್ಯನ ನೇರಳಾತೀತ ಕಿರಣಗಳೂ ಇದರ ಜೊತೆಗೇ ಏರಿಳಿಯುವುದರಿಂದ, ಭೂಮಿಯ ಮೇಲ್ವಾತಾವರಣ ಎಷ್ಟು ಉಬ್ಬಿದೆ, ಕೆಳಕಕ್ಷೆಯ ಉಪಗ್ರಹಗಳು ಎಷ್ಟು ಬೇಗ ಜಾರುತ್ತವೆ ಎಂಬ ಲೆಕ್ಕಕ್ಕೆ ಇಂದಿಗೂ ಈ ಅಂಕಿಯನ್ನೇ ಹಾಕುತ್ತಾರೆ. ಪೆಂಟಿಕ್ಟನ್‌ನಲ್ಲಿ ಅಳತೆ ದಿನಕ್ಕೆ ಮೂರು ಬಾರಿ ನಡೆಯುತ್ತದೆ. ಅಲ್ಲಿನ ನಡುಹಗಲಿನ ಅಳತೆಯ ಹೊತ್ತಿಗೆ ಗೌರಿಬಿದನೂರಿನಲ್ಲಿ ರಾತ್ರಿ ಒಂದೂವರೆ ಗಂಟೆ, ಆಂಟೆನಾಗಳ ಮೇಲೆ ಆಗ ಆಕಾಶಗಂಗೆಯ ಸದ್ದು ಮಾತ್ರ ಇರುತ್ತದೆ.